ತುಕ್ಕು ಹಿಡಿದ ಕಂದೀಲು, ಗ್ಯಾಸ್‌ಬತ್ತಿ ಮತ್ತು ಸ್ಟೋಗಳ ಜೀರ್ಣೋದ್ಧಾರ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೂ ದನದ ಕೊಟ್ಟಿಗೆಯಲ್ಲಿಯೂ ತುಕ್ಕು ಹಿಡಿದ ಕಂದೀಲು, ಗ್ಯಾಸ್‌ಬತ್ತಿ ಮತ್ತು ಹಿತ್ತಾಳೆಯ ಸ್ಟೋಗಳು ಇಂದಿಗೂ ಕಾಣಸಿಗುತ್ತವೆ. ವಿದ್ಯುಚ್ಛಕ್ತಿ ಬಂದ ಬಳಿಕ ಇವುಗಳನ್ನು ಕೇಳುವವರಿಲ್ಲವಾಗಿ ಎಷ್ಟೋ ಗುಜರಿಯವರ ಪಾಲಾದುವು. ಆದರೆ ತಂತಿ ಮುಟ್ಟದ ಹೊಲದಲ್ಲಿ ಸರಿಯಾದ ಕಂದೀಲೊಂದು ಈಗಲೂ ಬೆಳೆಯನ್ನು ಕಾಯಬಲ್ಲುದು.

ಅದು ಹೇಗೆಂದರೆ: ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಶೇಂಗಾ ಬೆಳೆಗೆ ಕೆಂಪು ಕಂಬಳಿಹುಳು ಪ್ರಬಲ ಶತ್ರು. ಇದರ ಕೋಶಗಳು ಭೂಮಿಯೊಳಗೆ ಅಡಗಿದ್ದು, ಮೊದಲ ಹದಮಳೆ ಬಿದ್ದೊಡನೆ ಪತಂಗಗಳಾಗಿ ಸಂಜೆಯ ಹೊತ್ತು ಹೊರಬೀಳುತ್ತವೆ. ಒಂದೊಂದು ಹೆಣ್ಣು ಪತಂಗವು ನೂರಾರು ತತ್ತಿಗಳನ್ನಿಡುವುದು. ಗಂಗಾವತಿಯ ಕಾಲುವೆ ಕೆಳಗಿನ ಬತ್ತಕ್ಕೆ ಕಾಂಡ ಕೊರೆಯುವ ಹುಳುವಿನ ಪತಂಗದ ಕಾಟ. ಇವೆರಡೂ ದೀಪಕ್ಕೆ ಮುತ್ತುವ ಸ್ವಭಾವದವು. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ತುಸು ಸೀಮೆಎಣ್ಣೆ ಬೆರೆಸಿ, ಅದರ ಮೇಲೆ ಕಂದೀಲು ತೂಗಹಾಕಿದರೆ ಪತಂಗಗಳು ತತ್ತಿಯಿಡುವ ಮೊದಲೇ ಬಿದ್ದು ಸಾಯುತ್ತವೆ. ಆದುದರಿಂದ ರೋಹಿಣಿ ಮಳೆಗೆ ಮುಂಚಿತವಾಗಿಯೇ ದೀಪಗಳನ್ನು ದುರಸ್ತಿ ಮಾಡಿಟ್ಟುಕೊಳ್ಳತಕ್ಕದ್ದು.

1. ಕಂದೀಲು. ಮೊದಲು ಹಳೆಯ ಎಣ್ಣೆಯನ್ನು ಚೆಲ್ಲಿ, ಬತ್ತಿ, ಗಾಜು, ಬರ್ನರುಗಳನ್ನು ಬಿಚ್ಚಿ, ಬೆಂಕಿಯಿಂದ ದೂರವಾಗಿ ಒಂದು ದಿವಸ ಗಾಳಿಗೆ ಇಡಬೇಕು. ತುಕ್ಕು ಹಿಡಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ರಾತ್ರಿಯೆಲ್ಲಾ ನೆನೆಯಿಟ್ಟು, ಮರುದಿನ ತೆಂಗಿನ ನಾರು ಮತ್ತು ಇಟ್ಟಿಗೆಯ ನುಣುಪು ಪುಡಿಯಿಂದ ತಿಕ್ಕಬೇಕು. ಅರದಿಂದ ಉಜ್ಜಕೂಡದು, ತಗಡು ಸವೆದು ತೂತಾಗುವುದು. ಕಂದೀಲಿನ ಎರಡು ಪಕ್ಕದ ಕೊಳವೆಗಳು ಕೇವಲ ಹಿಡಿಕೆಗಳಲ್ಲ. ಉರಿಗೆ ಗಾಳಿಯನ್ನು ಒದಗಿಸುವ ದಾರಿಗಳು. ಅವುಗಳಲ್ಲಿ ಕಣಜದ ಮಣ್ಣುಗೂಡು ಕಟ್ಟಿದ್ದರೆ ದೀಪವು ಹೊಗೆಯಾಡುವುದು. ತಂತಿ ತೂರಿಸಿ ತೆಗೆಯಬೇಕು. ಎಣ್ಣೆಯ ಬುಡ್ಡಿಗೆ ಸೀಮೆಎಣ್ಣೆ ತುಂಬಿ ಕಾಗದದ ಮೇಲೆ ಒಂದು ರಾತ್ರಿ ಇಟ್ಟರೆ ಸೋರಿಕೆ ತಿಳಿದುಬರುವುದು. ನೀರು ಸೋರದ ಸಂದಿಯಲ್ಲಿಯೂ ಎಣ್ಣೆ ಸೋರುವುದುಂಟು. ಬಣ್ಣ ಬಳಿಯುವುದಾದರೆ ಉರಿಯ ಸಮೀಪದ ಭಾಗಕ್ಕೆ ಬಳಿಯಬಾರದು.

2. ಹಿತ್ತಾಳೆಯ ಮೆರುಗು. ಹುಣಸೆಹುಳಿ ಮತ್ತು ಜರಡಿ ಹಿಡಿದ ಬೂದಿಯಿಂದ ತಿಕ್ಕಿ, ಕೂಡಲೇ ಬಿಸಿನೀರಿನಿಂದ ತೊಳೆದು ಒರಸಬೇಕು. ಹುಳಿಯಲ್ಲಿ ಬಹಳ ಹೊತ್ತು ನೆನೆಯಿಟ್ಟರೆ ಸತುವು ಕರಗಿ, ತಾಮ್ರದ ಕೆಂಪು ಮಾತ್ರ ಉಳಿದು, ಲೋಹವು ದುರ್ಬಲವಾಗುವುದು.

ಹಿತ್ತಾಳೆಯನ್ನು ದನದ ಕೊಟ್ಟಿಗೆಯಲ್ಲಿ ಇಡಲೇಕೂಡದು. ಹಿಂದೆ ಬ್ರಿಟಿಷ್ ಸೈನ್ಯದವರು ಹಿಂದೂಸ್ಥಾನದಲ್ಲಿ ಕುದುರೆಲಾಯಗಳ ಬಳಿ ಇಟ್ಟ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಮೂತ್ರದಿಂದೇಳುವ ಅಮೋನಿಯಾ ವಾಯುವೇ ಇದಕ್ಕೆ ಕಾರಣವೆಂದು 1921 ರಲ್ಲಿ ಲೋಹಶಾಸ್ತ್ರಜ್ಞರು ವಿವರಿಸಿದರು. ಸ್ಟೋವಿನ ಎಣ್ಣೆಬುಡ್ಡಿಗೂ ಇದೇ ಗತಿ ಒದಗಬಹುದು. ಅಮೋನಿಯಾ ಬೆರೆತ ಪಾಲೀಷನ್ನೂ ಈ ಕಾರಣದಿಂದಲೇ ವರ್ಜಿಸಬೇಕು.

3. ಒತ್ತಡದ ಸ್ಟೋ ಮತ್ತು ಗ್ಯಾಸ್‌ಬತ್ತಿ. ಸ್ವೀಡನ್ನಿನ ಪ್ರೈಮಸ್ ಸ್ಟೋವು, ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸನ ಹೆಸರಿನಿಂದ ಬಂದ ಪೆಟ್ರೋಮ್ಯಾಕ್ಸ್ ದೀಪವು, ಎರಡೂ ಗಾಳಿಯ ಒತ್ತಡದಿಂದ ಎಣ್ಣೆಯನ್ನು ಮೇಲಕ್ಕೆ ನೂಕಿ, ಕಾಯಿಸಿ, ಆವಿಯಾಗಿ ಉರಿಸುವಂಥವು. ಪಂಪಿನ ತೊಗಲಿನ ವಾಷರು ಒಣಗಿದ್ದರೆ ಯಂತ್ರದ ಎಣ್ಣೆಯಲ್ಲಿ ನೆನೆಯಿಡಬೇಕು. ಬಳಿಕ ಬೆಂಕಿ ಹಚ್ಚದೆ ಕೆಲವೇ ಸಲ ಗಾಳಿ ಹೊಡೆದು, ಸಂದುಗಳಿಗೂ ಬುಡ್ಡಿಗೂ ಸಾಬೂನಿನ ನೀರು ಸವರಿ ನೋಡಬೇಕು. ಗುಳ್ಳೆ ಎದ್ದಲ್ಲಿ ಸೋರಿಕೆಯುಂಟು. ಸಂದು ಸೋರಿದರೆ ವಾಷರು ಬದಲಿಸಬಹುದು. ಬುಡ್ಡಿಯೇ ಬಿರಿದಿದ್ದರೆ ಬೆಸುಗೆಯನ್ನು ನಂಬಿ ಹಚ್ಚಬಾರದು, ಅಲಂಕಾರಕ್ಕೆ ಇಟ್ಟುಕೊಳ್ಳಬೇಕು. ಎಣ್ಣೆಯ ಆವಿಯುಳ್ಳ ಬುಡ್ಡಿಯನ್ನು ಬೆಂಕಿಯ ಬಳಿಗೆ ಒಯ್ದರೆ ಸಿಡಿದು ಪ್ರಾಣಹಾನಿಯಾಗುವುದು. ಗ್ಯಾಸ್‌ಬತ್ತಿಯ ಹಳೆಯ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುವುದರಿಂದ ಅವುಗಳ ಬೂದಿಯನ್ನು ಊದಬಾರದು, ಮಕ್ಕಳ ಕೈಗೆ ಕೊಡಬಾರದು.

4. ಎಚ್ಚರಿಕೆ. ಪೆಟ್ರೋಲನ್ನು ಒಂದು ಹನಿಯಷ್ಟಾದರೂ ಬೆರೆಸಕೂಡದು. ಬಾಗಿಲು ಕಿಟಕಿಗಳನ್ನು ಮುಚ್ಚಿದ ಕೋಣೆಯಲ್ಲಿ ಸ್ಟೋ ಉರಿಸಿ ಮಲಗಕೂಡದು. ವಾಸನೆಯಿಲ್ಲದ ವಿಷವಾಯುವಿನಿಂದ ನಿದ್ರೆಯಲ್ಲಿಯೇ ಮರಣವುಂಟಾಗಬಹುದು. ಮೇವಿನ ಬಣವೆಯ ಹತ್ತಿರ ದೀಪ ಕಟ್ಟಕೂಡದು.

ಕಡೆಯದಾಗಿ ಗೌಡರಲ್ಲಿಯೂ ಭೂಮಾಲಿಕರಲ್ಲಿಯೂ ಅರಿಕೆ. ಒಬ್ಬನ ಹೊಲದಲ್ಲಿ ಮಾತ್ರ ದೀಪ ಉರಿದರೆ ಸುತ್ತಲಿನ ಪತಂಗಗಳೆಲ್ಲ ಅಲ್ಲಿಗೇ ಬರುವುವು; ಊರಿಗೆ ಊರೇ ಕೂಡಿ ಉರಿಸಿದರೆ ಪೀಡೆಯು ತಗ್ಗುವುದು. ಊರಿನಲ್ಲಿರುವ ಕಂದೀಲುಗಳನ್ನು ಈಗಲೇ ಎಣಿಸಿ, ಸರಿಪಡಿಸಿ, ಮೊದಲ ಮಳೆಯ ಸಂಜೆಯಿಂದ ಕೆಲವು ದಿವಸ ಏಳು ಗಂಟೆಯಿಂದ ಹತ್ತರವರೆಗೆ ಎಲ್ಲ ಹೊಲಗಳಲ್ಲಿಯೂ ಹಚ್ಚಿಸತಕ್ಕದ್ದು. ಆ ಬಳಿಕ ಆರಿಸಬೇಕು. ಬೆಳೆಗೆ ಹಿತವಾದ ಕೀಟಗಳೂ ದೀಪಕ್ಕೆ ಬೀಳುವುದುಂಟು. ಸೀಮೆಎಣ್ಣೆಯು ಮೊದಲಿನಂತೆ ಸುಲಭವಾಗಿ ಸಿಗದ ಈ ಕಾಲದಲ್ಲಿ ಇದು ಮಿತವ್ಯಯವೂ ಹೌದು.