ಸರ್ಪಸುತ್ತು: ಗುಳ್ಳೆ ಒಣಗಿದರೂ ನೋವೇಕೆ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಿದ್ದರು. ಒಂದು ದಿನ ಅವರ ಎಡ ಪಕ್ಕೆಯಲ್ಲಿ ಉರಿ ಶುರುವಾಯಿತು. ಮೂರನೇ ದಿನ ನೀರುಗುಳ್ಳೆ ಎದ್ದವು. ಬೆನ್ನಿನಿಂದ ಎದೆಯವರೆಗೆ ಪಟ್ಟಿ ಕಟ್ಟಿದ ಹಾಗೆ.

"ಇದು ಸರ್ಪಸುತ್ತು" ಅಂದರು ನೆರೆಯವರು. ಕೆಮ್ಮಣ್ಣು ಹಚ್ಚಿದರು. ಮಂತ್ರ ಹಾಕಿಸಿದರು. ಮೂರು ವಾರಕ್ಕೆ ಗುಳ್ಳೆ ಒಣಗಿದವು. ನೋವು ಮಾತ್ರ ಹೋಗಲಿಲ್ಲ. ಆರು ತಿಂಗಳಾದರೂ ರವಿಕೆ ತಾಗಿದರೆ ಅಜ್ಜಿ ಚೀರುತ್ತಿದ್ದರು.

"ಗಾಯಾನೇ ಇಲ್ಲ, ಅತ್ತೆ ನಾಟಕ ಆಡ್ತಾರೆ" ಅಂದಳು ಸೊಸೆ. ನಮಗೂ ಹಾಗೇ ಅನ್ನಿಸಿತ್ತು. ನಮ್ಮದು ತಪ್ಪು. ಅದು ನರದ ನೋವು.

ಹಾವಿಗೂ ಈ ರೋಗಕ್ಕೂ ಸಂಬಂಧ ಇಲ್ಲ. ಚಿಕ್ಕಂದಿನಲ್ಲಿ ನಮಗೆ 'ಅಮ್ಮ' ಆಗಿರುತ್ತದಲ್ಲ, ಸೀತಾಳೆ ಸಿಡುಬು? ಅದನ್ನು ತರುವುದು ವೈರಸ್ ಎಂಬ ರೋಗಾಣು. ಸಿಡುಬು ವಾಸಿಯಾದರೂ ಅದು ಸಾಯುವುದಿಲ್ಲ. ಬೆನ್ನುಮೂಳೆಯ ಪಕ್ಕ, ನರದ ಬುಡದಲ್ಲಿ ಅಡಗಿ ಮಲಗುತ್ತದೆ. ಹತ್ತಾರು ವರ್ಷ ಮಲಗುತ್ತದೆ. ವಯಸ್ಸಾಗಿ ಮೈಯ ಶಕ್ತಿ ಕುಂದಿದಾಗ ಏಳುತ್ತದೆ. ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ. ಆಗ ನರ ಊದಿಕೊಂಡು ಕೆಡುತ್ತದೆ. ಕೆಟ್ಟ ನರ, ಗಾಯ ಮಾಯ್ದ ಮೇಲೂ 'ಉರಿ, ಉರಿ' ಎಂದು ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತದೆ. ಎಲ್ಲರಿಗೂ ಹೀಗೆ ಆಗುವುದಿಲ್ಲ. ವಯಸ್ಸಾದವರಿಗೆ ಹೆಚ್ಚು.

ಹಾವಿನ ತಲೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಅಂತಾರೆ. ಭಯ ಬೇಡ. ಬೆನ್ನುಮೂಳೆಯಿಂದ ಹೊರಟ ನರ ಮೈಯ ಒಂದೇ ಪಕ್ಕಕ್ಕೆ ಹೋಗುತ್ತದೆ. ಎದೆಯ ನಡುವಿಗೆ ನಿಲ್ಲುತ್ತದೆ. ಅದಕ್ಕೇ ಗುಳ್ಳೆಯೂ ಅಲ್ಲಿಗೇ ನಿಲ್ಲುತ್ತದೆ, ಸುತ್ತು ಪೂರ್ತಿ ಆಗುವುದಿಲ್ಲ. ಇನ್ನು ಕೆಮ್ಮಣ್ಣು. ಅದನ್ನು ಹಚ್ಚದಿದ್ದರೂ ಎರಡು ಮೂರು ವಾರದಲ್ಲಿ ಗುಳ್ಳೆ ತಾನಾಗಿ ಒಣಗುತ್ತದೆ. ಹೆಸರು ಮಾತ್ರ ಮಣ್ಣಿಗೆ ಬರುತ್ತದೆ!

ಗುಳ್ಳೆ ಕಂಡ 3 ದಿನದೊಳಗೆ ಡಾಕ್ಟರ ಹತ್ತಿರ ಹೋಗಬೇಕು. ಎಸೈಕ್ಲೋವಿರ್ ಎಂಬ ಮಾತ್ರೆ ಇದೆ. ಸಾಮಾನ್ಯವಾಗಿ ದಿನಕ್ಕೆ 5 ಸಲ, 7 ದಿನ ಬರೆಯುತ್ತಾರೆ. ಬೇಗ ಶುರು ಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ಆಗಿನ ನೋವೂ ತಗ್ಗುತ್ತದೆ. ಹಣೆ, ಮೂಗು, ಕಣ್ಣಿನ ಹತ್ತಿರ ಗುಳ್ಳೆ ಎದ್ದರೆ ಅದೇ ದಿನ ಹೋಗಿ. ದೃಷ್ಟಿಯೇ ಹೋಗಬಹುದು. ಗುಳ್ಳೆಯ ನೀರು ತಾಗಿದರೆ ಸಿಡುಬು ಆಗದವರಿಗೆ ಸಿಡುಬು ಬರಬಹುದು. ಗುಳ್ಳೆ ಒಣಗುವ ತನಕ ಬಸುರಿಯರನ್ನೂ ಎಳೆ ಕೂಸುಗಳನ್ನೂ ದೂರ ಇಡಿ.

50 ವರ್ಷ ದಾಟಿದವರಿಗೆ ಲಸಿಕೆಯೂ ಇದೆ. 2023ರಿಂದ ನಮ್ಮ ದೇಶದಲ್ಲಿ ಸಿಗುತ್ತದೆ. ಬೆಲೆ ಮಾತ್ರ ದುಬಾರಿ.

ಅಜ್ಜಿಯನ್ನು ಕೊನೆಗೆ ನಾವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನರದ ನೋವಿಗೆ ಬೇರೆಯೇ ಮಾತ್ರೆ ಕೊಟ್ಟರು. ನೋವು ಪೂರ್ತಿ ಹೋಗಿಲ್ಲ. ರಾತ್ರಿ ನಿದ್ದೆ ಬರುತ್ತದೆ. ಸೊಸೆ ಸಡಿಲವಾದ ಹತ್ತಿ ರವಿಕೆ ಹೊಲಿಸಿಕೊಟ್ಟಿದ್ದಾಳೆ.

ಮಾತಾಡೋಣ: ನಿಮ್ಮ ಮನೆಯಲ್ಲಿ ಯಾರಿಗಾದರೂ ಸರ್ಪಸುತ್ತು ಆಗಿತ್ತೇ? ಎಷ್ಟನೇ ದಿನ ಡಾಕ್ಟರ ಹತ್ತಿರ ಹೋದಿರಿ?