ಕಟ್ಟೆಯ ಮೇಲಿನ ಕಾವ್ಯ ಕೇಳುವ ಬಗೆ

ಕುರೆಕುಪ್ಪಕ್ಕೆ ಹೊಸದಾಗಿ ಬಂದವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ಯಾರೂ ತೋರಿಸಬೇಕಿಲ್ಲ. ಆದರೆ ಇಲ್ಲಿ ಕಾವ್ಯ ಎಲ್ಲಿದೆ ಎಂದು ಕೇಳಿದರೆ ನಾನು ಇದೇ ಸಂಡೂರು ತಾಲ್ಲೂಕಿನ ದರೋಜಿಯ ಹೆಸರು ಹೇಳುತ್ತೇನೆ. ಬುರ್ರಕಥೆಯ ಈರಮ್ಮ ಆ ಊರಿನವರು, ಅಲೆಮಾರಿ ಬುಡ್ಗಜಂಗಮ ಸಮುದಾಯದವರು. ಅಕ್ಷರ ಕಲಿತವರಲ್ಲ. 12 ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಬರೆದಿಟ್ಟರೆ ಸುಮಾರು 7,000 ಪುಟ ಎನ್ನುತ್ತಾರೆ.

ಬುರ್ರಕಥೆಯಲ್ಲಿ ಕಥೆ ನಡೆಸುವವರ ಹೆಗಲಿಗೆ ತಂಬೂರಿ, ಬೆರಳಿಗೆ ತಾಳ ಕೊಡುವ ಲೋಹದ ಉಂಗುರ. ಪಕ್ಕದಲ್ಲಿ ಹಿಮ್ಮೇಳದವರು. ಇವರು ಸಾಲನ್ನು ಎತ್ತಿಕೊಂಡು ಮತ್ತೆ ಹಾಡುತ್ತಾರೆ, ನಡುನಡುವೆ "ಹೌದಾ, ಆಮ್ಯಾಲೇನಾತು?" ಎಂಬಂತೆ ಕೇಳುತ್ತಾರೆ.

ಪುಸ್ತಕ ಓದಿ ರೂಢಿಯಾದವರಿಗೆ, ಹೇಳಿದ್ದನ್ನೇ ಹೇಳುತ್ತಾರಲ್ಲ ಅನ್ನಿಸಬಹುದು. ದಯವಿಟ್ಟು ಅಲ್ಲೇ ಕಿವಿಗೊಡಿ. ಈ ಕಥೆ ನಡೆಯುವ ಗುಡಿ ಮುಂದಿನ ಬಯಲಿಗೆ ಬಾಗಿಲಿಲ್ಲ. ಹೊಲದಿಂದ ತಡವಾಗಿ ಬಂದವನಿಗೆ, ಕೂಸನ್ನು ಮಲಗಿಸಿ ಬಂದವಳಿಗೆ ಕಥೆಯ ಎಳೆ ಸಿಗಬೇಕು. ನಾಯಿ ಬೊಗಳಿ ಕಳೆದುಹೋದ ಸಾಲು ಹಿಮ್ಮೇಳದಲ್ಲಿ ಮರಳಬೇಕು. ಈ ಕಾವ್ಯದ ಕಟ್ಟಡದಲ್ಲಿ ಅರ್ಧ ಕೆಲಸ ಬಯಲಿನದೇ. ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದ ದಾಸರ ಪದಗಳಲ್ಲಿ ಪಲ್ಲವಿ ಮತ್ತೆ ಮತ್ತೆ ಬರುವುದನ್ನೂ, ಹಂಪಿಯ ಪುರಂದರದಾಸರ ಮಂಟಪದಲ್ಲಿ ಕೂತಾಗ, ಹೀಗೇ ಯೋಚಿಸಿ ನೋಡಿ.

ಅರ್ಥವೂ ಜಾಗದಿಂದಲೇ ಬರುತ್ತದೆ. ಈರಮ್ಮ ಹಾಡುತ್ತಿದ್ದ ಕುಮಾರರಾಮ, 14ನೇ ಶತಮಾನದ ಆರಂಭದಲ್ಲಿ ಇಲ್ಲಿ ಆಳಿದ ಕಂಪಿಲರಾಯನ ಮಗ. ಕಂಪ್ಲಿ, ಹೊಳೆಯಾಚೆಯ ಕುಮ್ಮಟದುರ್ಗ ಈ ಸೀಮೆಯ ಕೇಳುಗರಿಗೆ ಕಂಡುಂಡ ಊರು, ಕಂಡ ಬೆಟ್ಟ. ಕಥೆಯಲ್ಲಿ ದೆಹಲಿಯ ದಂಡು ಬಂತು ಎಂದರೆ ಯಾವ ಕಡೆ ನೋಡಬೇಕೆಂದು ಅವರಿಗೆ ಗೊತ್ತು.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ಈರಮ್ಮನವರಿಗೆ ನಾಡೋಜ ಗೌರವ ನೀಡಿತು. ಅವರ ಕಾವ್ಯಗಳು ಅಚ್ಚಾದವು. 2014ರಲ್ಲಿ ಅವರು ತೀರಿಕೊಂಡರು. ಅಚ್ಚಾಗದಿದ್ದರೆ ಎಷ್ಟೋ ಸಾಲುಗಳು ಅವರೊಂದಿಗೇ ಹೋಗುತ್ತಿದ್ದವು. ಆದರೆ ಪುಟದ ಮೇಲೆ ಕೇಳುಗರ "ಹ್ಞೂಂ" ಇರುವುದಿಲ್ಲ. ಆದ್ದರಿಂದ ಅವರ ಕಾವ್ಯದ ಪುಸ್ತಕ ಸಿಕ್ಕರೆ ಒಬ್ಬರೇ ಮನಸ್ಸಿನಲ್ಲಿ ಓದಬೇಡಿ. ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿ, ಹಿಮ್ಮೇಳಕ್ಕೆ ಪಕ್ಕದ ಮನೆಯವರನ್ನು ಕರೆಯಿರಿ. ದಾರಿಯಲ್ಲಿ ಹೋಗುವವರು ಯಾರಾದರೂ ನಿಂತರೆ, ಆ ಸಾಲನ್ನು ಇನ್ನೊಮ್ಮೆ ಹೇಳಿ.