ಅಪ್ಪೆಮಿಡಿಯ ಆಯವ್ಯಯ

ಮನಸ್ಸಿನ ಸಂತೋಷಕ್ಕಾಗಿ ಒಂದು ಕೆಲಸವನ್ನು ಮಾಡುವವರು ಅದಕ್ಕೆ ತಗುಲಿದ ಹೊತ್ತನ್ನು ಎಣಿಸುವುದಿಲ್ಲ. ಎಣಿಸತೊಡಗಿದರೆ ಸಂತೋಷವೇ ಕುಂದೀತೆಂಬ ಅಳುಕು ಅವರಿಗೆ ಸಹಜವಾಗಿಯೇ ಇರುತ್ತದೆ. ಆದರೆ ಅದೇ ಕೆಲಸದಿಂದ ಸಂಸಾರದ ಖರ್ಚಿಗೂ ನಾಲ್ಕು ಕಾಸು ಒದಗಬೇಕೆಂದು ಸಂಕಲ್ಪಿಸಿದ ದಿನದಿಂದ ಈ ಔದಾರ್ಯವು ದೋಷವಾಗಿ ಪರಿಣಮಿಸುತ್ತದೆ. ಹವ್ಯಾಸದಿಂದ ಹುಟ್ಟಿದ ಸಣ್ಣ ಉದ್ಯಮವು ಗಿರಾಕಿಗಳಿದ್ದೂ ಸೊರಗುವುದಾದರೆ, ಒಡೆಯನು ತನ್ನ ದುಡಿಮೆಗೆ ಕೂಲಿಯನ್ನೇ ಬರೆದುಕೊಳ್ಳದಿರುವುದು ಅದರ ಮೂಲವಾಗಿರುತ್ತದೆಂಬುದು, ಅಪ್ಪೆಮಿಡಿ ಉಪ್ಪಿನಕಾಯಿಯ ಗೀಳನ್ನೇ ಜೀವನೋಪಾಯವಾಗಿ ಮಾಡಿಕೊಂಡ ನನ್ನಲ್ಲಿ ದೃಢವಾಗಿ ಬೇರೂರಿರುವ ಅಭಿಪ್ರಾಯ.

ಶರಾವತಿ, ವರದಾ, ಅಘನಾಶಿನಿಗಳ ದಂಡೆಯಲ್ಲಿ ಯಾರೂ ನೆಡದೆ ತಾನಾಗಿಯೇ ಬೆಳೆದು ನಿಂತ ಕಾಡುಮಾವಿನ ಎಳೆಗಾಯಿಯೇ ಅಪ್ಪೆಮಿಡಿ. ಒಂದು ಮರದ ಮಿಡಿಗೆ ಜೀರಿಗೆಯ ಪರಿಮಳವಾದರೆ ಇನ್ನೊಂದರದಕ್ಕೆ ಕರ್ಪೂರದ್ದು. ಸಾಗರದ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿದೆ. ತೊಟ್ಟು ಮುರಿಯದಂತೆ, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಮರವೇರಿ ಕೊಯ್ಯಬೇಕು. ಸೊನೆ ಉಳಿದರೆ ಪರಿಮಳವೂ ಉಳಿಯಿತು, ಬಾಳಿಕೆಯೂ ಉಳಿಯಿತು. ಮಿಡಿಯನ್ನು ಮೂಸಿ ಮರವನ್ನು ಗುರುತಿಸುವ ಚಪಲ ನನಗೆ ಚಿಕ್ಕಂದಿನಿಂದಲೂ ಇದ್ದಿತು. ಆ ಚಪಲವೇ ಮುಂದೆ ಮಾರಾಟದಲ್ಲಿಯೂ ನನ್ನ ಕೈ ಹಿಡಿಯಿತು. ಏಕೆಂದರೆ ಬೇರೆ ಬೇರೆ ಮರದ ಮಿಡಿಗಳನ್ನು ಬೆರೆಸದೆ, ಒಂದೊಂದಕ್ಕೂ ಪ್ರತ್ಯೇಕ ಭರಣಿಯಿಟ್ಟು ಮಾರುವವರು ವಿರಳ. ರುಚಿ ಬಲ್ಲ ಗಿರಾಕಿಯು ಅದಕ್ಕೆ ಹೆಚ್ಚಿನ ಬೆಲೆಯನ್ನು ಕೊಡಲು ಹಿಂಜರಿಯನು.

ಆದರೆ ಈ ವ್ಯಾಪಾರದ ತೊಡಕು ಅದರ ಅಳತೆಯಲ್ಲಿಯೇ ಇದೆ. ಮಿಡಿಯನ್ನು ಕೊಳ್ಳುವುದು ಎಣಿಕೆಯಿಂದ, ನೂರಕ್ಕೆ ಇಷ್ಟೆಂದು. ಉಪ್ಪಿನಕಾಯಿಯನ್ನು ಮಾರುವುದು ತೂಕದಿಂದ. ಹರಳುಪ್ಪಿನಲ್ಲಿ ಕೆಲವು ವಾರ ಕುಳಿತ ಮಿಡಿಯು ನೀರು ಬಿಟ್ಟು ಚಿರುಟುತ್ತದೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಅರಿಸಿನ, ಬ್ಯಾಡಗಿ ಮೆಣಸಿನಕಾಯಿಗಳನ್ನು ಅರೆದು ಕೂಡಿಸಿದಾಗ ತೂಕವು ಮತ್ತೆ ಬೇರೆಯಾಗುತ್ತದೆ. ದಪ್ಪ ಮಿಡಿಯ ನೂರು, ಸಣ್ಣ ಮಿಡಿಯ ನೂರು ಒಂದೇ ಕ್ರಯಕ್ಕೆ ದೊರೆತರೂ ಅವುಗಳಿಂದಾಗುವ ಉಪ್ಪಿನಕಾಯಿಯು ಸಮನಾಗದು. ಆದುದರಿಂದ ನನ್ನ ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಂದು ಮರದ ಮಿಡಿಗೂ ಒಂದು ಪುಟವುಂಟು: ಕೊಂಡದ್ದೆಷ್ಟು, ಆರಿಸುವಾಗ ಎಸೆದದ್ದೆಷ್ಟು, ಕೊನೆಗೆ ಭರಣಿಯಲ್ಲಿ ಉಳಿದ ತೂಕವೆಷ್ಟು. ಬೆಲೆ ನಿರ್ಣಯವಾಗುವುದು ಆ ಪುಟದಿಂದಲೇ ಹೊರತು ಪೇಟೆಯಲ್ಲಿ ಪಕ್ಕದ ಡಬ್ಬಿಯ ಮೇಲೆ ಅಚ್ಚಾದ ದರದಿಂದಲ್ಲ.

ಲೆಕ್ಕವು ತಿಳಿಯಾಗಲೆಂದು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಕಿಲೋ ಉಪ್ಪಿನಕಾಯಿಗೆ ಮಿಡಿ, ಉಪ್ಪು, ಮಸಾಲೆ, ಬಾಟಲಿ, ಚೀಟಿ ಎಲ್ಲ ಸೇರಿ 220 ರೂಪಾಯಿ ತಗುಲಿತೆನ್ನಿ. ಮುನ್ನೂರಕ್ಕೆ ಮಾರಿ ಎಂಬತ್ತು ಉಳಿಯಿತೆಂದು ಹಿಗ್ಗುವುದು ಹವ್ಯಾಸಿಯ ಲೆಕ್ಕ. ಉದ್ಯಮಿಯಾದರೋ, ಮಿಡಿ ಒರೆಸಿ ಆರಿಸಿದ, ಮಸಾಲೆ ಅರೆದ, ಬಾಟಲಿ ತುಂಬಿದ ಕೈಗಳಿಗೆ, ಅವು ತನ್ನವೇ ಆಗಿದ್ದರೂ, 90 ರೂಪಾಯಿ ಕೂಲಿ ಹಾಕಬೇಕು. ಕೆಟ್ಟದ್ದು ಒಡೆದದ್ದಕ್ಕೆ 15, ಹೂಡಿದ ಹಣದ ಬಡ್ಡಿಗೆ 15. ಅಲ್ಲಿಗೆ 340 ಆಯಿತು. ಲಾಭವೆಂಬುದು ಇದರ ಮೇಲಿನ ಮಾತು. ಅರುವತ್ತು ರೂಪಾಯಿ ಲಾಭವಿಟ್ಟರೆ ನಾನೂರು. ಅಂಗಡಿಯವರು ಮಾರಾಟದ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತನ್ನು ಹಿಡಿದುಕೊಳ್ಳುವುದಾದರೆ ಬಾಟಲಿಯ ಮೇಲೆ 500 ಎಂದೇ ಅಚ್ಚಾಗಬೇಕು. ಮುನ್ನೂರಕ್ಕೆ ಮಾರಿದವರು ತಮ್ಮ ಕೂಲಿಯ ಸುಮಾರು ಅರ್ಧವನ್ನು ಕೊಳ್ಳುವವರಿಗೆ ದಾನವಾಗಿ ಕೊಟ್ಟಂತಾಯಿತು.

ಬಡ್ಡಿಯ ಮಾತನ್ನು ಕೇಳಿ ಕೆಲವರು ನಗುವುದುಂಟು, ಹಣ ನಮ್ಮದೇ ಅಲ್ಲವೇ ಎಂದು. ಮಿಡಿ ಬರುವುದು ಮಾಘ ಫಾಲ್ಗುಣಗಳ ಕೆಲವೇ ವಾರ; ಕೊಯ್ದವರಿಗೆ ಆಗಲೇ ರೊಕ್ಕ ಎಣಿಸಬೇಕು; ಮಾರಾಟವೋ ವರ್ಷದುದ್ದಕ್ಕೂ ನಡೆಯತಕ್ಕದ್ದು. ಒಂದು ಲಕ್ಷ ರೂಪಾಯಿ ಸರಾಸರಿ ಆರು ತಿಂಗಳು ಭರಣಿಯಲ್ಲಿ ಕುಳಿತರೆ, ನೂರಕ್ಕೆ ಹನ್ನೆರಡರ ಬಡ್ಡಿಯಲ್ಲಿ ಅದರ ಬಾಡಿಗೆಯೇ ಆರು ಸಾವಿರ. ಲಾಭವಿದ್ದೂ ಕೈಯಲ್ಲಿ ಕಾಸಿಲ್ಲದ ಪರಿಸ್ಥಿತಿಯು ಇಂಥ ಉದ್ಯಮಗಳಿಗೆ ಬರುವುದು ಈ ಕಾಲಾಂತರದಿಂದಲೇ. ಆದುದರಿಂದ ಮುಂದಿನ ಹಂಗಾಮಿನ ಮಿಡಿಗೆ ಬೇಕಾದ ಮೊಬಲಗನ್ನು ಮಾರಾಟದ ಹಣದಿಂದ ತಿಂಗಳು ತಿಂಗಳು ತೆಗೆದು ಬೇರೆ ಖಾತೆಯಲ್ಲಿಡುತ್ತೇನೆ. ಮನೆಯಲ್ಲಿ ಎಂಥ ಅಡಚಣೆ ಬಂದರೂ ಅದನ್ನು ಮುಟ್ಟುವುದಿಲ್ಲ.

ಇನ್ನು ಬಂಧುಮಿತ್ರರ ವಿಷಯ. “ಅತ್ತಿಗೆ, ಮನೆಯವರಿಗೂ ದುಡ್ಡಾ?” ಎಂದು ಕೇಳುವವರು ಎಲ್ಲ ಊರಿನಲ್ಲಿಯೂ ಇದ್ದಾರೆ, ಮತ್ತು ಹಾಗೆ ಕೇಳುವ ಸಲಿಗೆ ಅವರಿಗುಂಟು. ನಾನು ಕೊಡುವುದನ್ನು ನಿಲ್ಲಿಸಲಿಲ್ಲ; ಕೊಟ್ಟ ಪ್ರತಿ ಬಾಟಲಿಯ ಬೆಲೆಯನ್ನು ಮನೆಖರ್ಚಿನ ಹಣದಿಂದ ತೆಗೆದು ಉದ್ಯಮದ ಪೆಟ್ಟಿಗೆಗೆ ಹಾಕುತ್ತೇನೆ. ಉಡುಗೊರೆ ಕೊಡತಕ್ಕದ್ದು ಮನೆ, ಅಂಗಡಿಯಲ್ಲ. ಈ ಒಂದು ನಿಯಮದಿಂದ ಬಾಂಧವ್ಯವೂ ಉಳಿಯಿತು, ವರ್ಷಕ್ಕೆ ಎಷ್ಟು ಔದಾರ್ಯ ನಮ್ಮ ಶಕ್ತಿಗೆ ಉಚಿತವೆಂಬುದೂ ಸ್ಪಷ್ಟವಾಯಿತು.

ಕಾಯಿದೆಯ ಭಯದಿಂದ ಹಿಂಜರಿಯುವವರಿಗೆ ಎರಡು ಮಾತು. 2011ರ ಆಹಾರ ಸುರಕ್ಷತಾ ನಿಯಮಾವಳಿಯು ವರ್ಷಕ್ಕೆ 12 ಲಕ್ಷ ಮೀರದ ವಹಿವಾಟಿನ ಸಣ್ಣ ತಯಾರಕರಿಗೆ ಪರವಾನಗಿಯ ಬದಲು ಸರಳವಾದ ನೋಂದಣಿಯನ್ನೇ ವಿಧಿಸಿತು. 2020ರ ಜುಲೈಯಿಂದ ಜಾರಿಗೆ ಬಂದ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಅದಕ್ಕಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿರಿ. ಹಂಗಾಮಿನ ಖರೀದಿಗೆ ಹಣ ಸಾಲದಿದ್ದರೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ ಐವತ್ತು ಸಾವಿರದವರೆಗೆ ಅಡಮಾನವಿಲ್ಲದ ಸಾಲಕ್ಕೆ ಅವಕಾಶವಿದೆ. ಲೆಕ್ಕಪತ್ರ, ಮಾರಾಟಗಳ ಶಿಕ್ಷಣ ಬೇಕಾದವರಿಗೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯು ಊಟ ವಸತಿಗಳೊಡನೆ ಉಚಿತವಾಗಿ ತರಬೇತಿಯನ್ನು ನೀಡುತ್ತಿದೆ.

ಹವ್ಯಾಸವನ್ನು ನಂಬಿ ನೌಕರಿಯನ್ನು ಬಿಡಬಹುದೇ ಎಂದು ಕೇಳುವ ತರುಣ ತರುಣಿಯರಿಗೆ ನಾನು ಹೇಳುವುದಿಷ್ಟೇ. ಮಾವು ಒಂದು ವರ್ಷ ಹೇರಳವಾಗಿ ಫಲಿಸಿ ಮರುವರ್ಷ ಕೈಕೊಡುವ ಸ್ವಭಾವದ ಮರ. ಹೂವಿನ ಕಾಲದಲ್ಲಿ ಮೋಡ ಕವಿದು ಇಬ್ಬನಿ ಹೆಚ್ಚಿದರಂತೂ ಒಳ್ಳೆಯ ವರ್ಷವೂ ಕೆಡುವುದುಂಟು. ಆದುದರಿಂದ ಒಂದು ಹಂಗಾಮಿನ ಲಾಭವನ್ನು ನಾನು ಲಾಭವೆಂದು ಎಣಿಸುವುದಿಲ್ಲ. ನಿಮ್ಮ ಹವ್ಯಾಸ ಯಾವುದೇ ಆಗಿರಲಿ, ಒಂದು ಒಳ್ಳೆಯ ವರ್ಷವನ್ನೂ ಒಂದು ಕೆಟ್ಟ ವರ್ಷವನ್ನೂ ಕೂಡಿಸಿ, ನಿಮ್ಮ ಕೂಲಿಯನ್ನೂ ಹಣದ ಬಡ್ಡಿಯನ್ನೂ ಕಳೆದು ನೋಡಿರಿ. ಏನಾದರೂ ಉಳಿದರೆ ನೌಕರಿಯನ್ನು ಬಿಡಿರಿ; ಉಳಿಯದಿದ್ದರೆ ಹವ್ಯಾಸವನ್ನು ಹವ್ಯಾಸವಾಗಿಯೇ ಇಟ್ಟುಕೊಂಡು ಸುಖವಾಗಿರಿ, ಅದರಲ್ಲಿ ಅವಮಾನವೇನೂ ಇಲ್ಲ.